ಒಂದೇ ಗಾಜಿನ ತೊಟ್ಟಿಯಲ್ಲಿ ಸೀಗಡಿ, ಮೀನು, ಅತ್ತಿಗೆ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುವ ಅವಳ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು. ಬೆಳಗಿನಿಂದ ಸಂಜೆಯವರೆಗೆ ಅದನ್ನು ತುಳಿದೂ ತುಳಿದೂ ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ದಪ್ಪವಾಗಿದೆಯೆಂದು ಅವಳಿಗೇ ಅನುಮಾನ. ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸುವವರು, ಎದುರಿಗೆ ನಾಯಿ ಬಂದರೆ ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುವವರು, ಕ್ಲಚ್ಚಿನ ಮೇಲೆ ಹಗೆ ಸಾಧಿಸುವವರು, ಎಲ್ಲರೂ ಅವಳ ಪಾಲಿಗೇ ಬರುತ್ತಿದ್ದರು.

ಅಂಥವರಲ್ಲೊಬ್ಬ ಒಂದು ದಿನ ಕಾರನ್ನು ಫುಟ್‌ಪಾತಿನ ಮೇಲೆ ಹತ್ತಿಸಿ ಅಕ್ವೇರಿಯಂ ಅಂಗಡಿಯ ಬಾಗಿಲಿಗೆ ತಂದು ನಿಲ್ಲಿಸಿದ. ಕ್ಷಮೆ ಕೇಳಲೆಂದು ಒಳಗೆ ಹೋದವಳ ಕಣ್ಣಿಗೆ ಬಿದ್ದದ್ದು ಕೆಂಪು ಸೀಗಡಿಗಳು. ಬೆರಳಿನ ಉಗುರಿಗಿಂತ ತುಸು ಉದ್ದ, ಅಷ್ಟೆ. ಪಾಚಿಯ ಮೇಲೆ ಕೂತು ಪುಟ್ಟ ಕೈಗಳಿಂದ ಒಂದೇ ಸಮನೆ ಏನನ್ನೋ ಹೆಕ್ಕಿ ಬಾಯಿಗಿಟ್ಟುಕೊಳ್ಳುತ್ತಿದ್ದವು. ಯಾರೂ ಹೇಳಿಕೊಡದೆಯೇ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಜೀವಗಳನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತೋ. ಹೊರಗೆ ಶಿಷ್ಯ ಹಾರ್ನ್ ಬಾರಿಸುತ್ತಲೇ ಇದ್ದ. ಅವಳು ತೊಟ್ಟಿಯನ್ನೂ ಸೀಗಡಿಗಳನ್ನೂ ಕೊಂಡೇ ಹೊರಬಂದಳು.

ಕೆಲವು ತಿಂಗಳು ಸುಖವಾಗಿ ಕಳೆದವು. ಹೆಣ್ಣು ಸೀಗಡಿಗಳು ಹೊಟ್ಟೆಯಡಿ ಮೊಟ್ಟೆಯ ಗೊಂಚಲು ಹೊತ್ತು, ಕಾಲುಗಳಿಂದ ಅದಕ್ಕೆ ಗಾಳಿ ಬೀಸುತ್ತಾ ಓಡಾಡಿದವು. ಕೂದಲೆಳೆಯಂಥ ಮರಿಗಳಾದವು. ಫಿಲ್ಟರ್ ಅವನ್ನು ಎಳೆದುಕೊಳ್ಳದಂತೆ ಅದರ ಬಾಯಿಗೆ ಅವಳು ಸ್ಪಂಜು ಕಟ್ಟಿದಳು. ಆಗ ಬಂದರು ಅತ್ತಿಗೆ.

ಅತ್ತಿಗೆ ಎಂದರೆ ಗಂಡನ ಅಕ್ಕ. ಮಂಡಿಯ ಆಪರೇಷನ್ ಆಗಿತ್ತು, ಮೆಟ್ಟಿಲಿಲ್ಲದ ಮನೆ ಬೇಕಿತ್ತು. ನಡುಮನೆಯ ಸೋಫಾದಲ್ಲಿ ತೊಟ್ಟಿಗೆ ಎದುರಾಗಿಯೇ ಅವರು ಬೀಡುಬಿಟ್ಟರು. ಮೊದಲ ವಾರವೇ ಡ್ರೈವಿಂಗ್ ಸ್ಕೂಲಿಗೆ ಫೋನ್ ಬಂತು.

"ನಿನ್ನ ಸೀಗಡಿ ಸತ್ತು ಬಿದ್ದಿದೆ ಕಣೇ!"

"ಅದು ಪೊರೆ ಅತ್ತಿಗೆ. ಬೆಳೆಯೋವಾಗ ಚಿಪ್ಪು ಕಳಚ್ತವೆ."

"ಕಣ್ಣಿದೆ, ಮೀಸೆ ಇದೆ, ಪೊರೆಯಂತೆ!"

ಆಮೇಲೆ ಪೊರೆ ಕಳಚಿದಾಗಲೆಲ್ಲ ಫೋನ್. ಇದೇ ಸಾಲದೆಂದು ಗಂಡ ಒಂದು ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ದೊಡ್ಡದೊಂದು ಏಂಜಲ್ ಮೀನು ಹಿಡಿದು ಬಂದ. ಅವನು ಬಣ್ಣದಂಗಡಿಯಲ್ಲಿ ಗಿರಾಕಿಗಳಿಗೆ ಬಣ್ಣ ಬೆರೆಸಿಕೊಡುವವನು. ಲೋಕದ ಯಾವ ಸಮಸ್ಯೆಯೂ ಬೆರೆಸಿದರೆ ಬಗೆಹರಿಯುತ್ತದೆಂದು ನಂಬಿದವನು.

"ಅಕ್ಕನಿಗೆ ನೋಡೋಕೆ ಏನಾದ್ರೂ ಬೇಕಲ್ಲ. ನಿನ್ನ ಸೀಗಡಿ ಕಣ್ಣಿಗೇ ಕಾಣಲ್ಲ."

"ರೀ, ಅದರ ಬಾಯಿ ನೋಡಿದ್ರಾ? ಆ ಬಾಯಿಗೆ ಹಿಡಿಸೋದೆಲ್ಲ ಅದಕ್ಕೆ ಊಟಾನೇ!"

"ತುಂಬಾ ಸಾಧು ಮೀನು ಅಂದ ಅಂಗಡಿಯವನು."

ಸಾಧು ಮೀನು ಮೊದಲು ಮರಿಗಳನ್ನು ಮುಗಿಸಿತು. ಆಮೇಲೆ, ಪೊರೆ ಕಳಚಿ ಮೆತ್ತಗಿದ್ದ ದೊಡ್ಡವಕ್ಕೆ ಬಾಯಿ ಹಾಕಿತು. ಉಳಿದವು ಪಾಚಿಯೊಳಗೆ ತಲೆಮರೆಸಿಕೊಂಡವು. ಮೀನನ್ನು ಹಿಂದಕ್ಕೆ ಕೊಟ್ಟುಬರೋಣವೆಂದರೆ ಅತ್ತಿಗೆ ಅಷ್ಟರಲ್ಲಿ ಅದಕ್ಕೆ ಸಾಹೇಬರು ಎಂದು ಹೆಸರಿಟ್ಟಾಗಿತ್ತು. "ಸಾಹೇಬರು ಇವತ್ತು ನನ್ನ ನೋಡಿ ಬಾಲ ಅಲ್ಲಾಡಿಸಿದ್ರು," ಎಂದು ಹಿಗ್ಗುತ್ತಿದ್ದ, ನೋವಿನಲ್ಲಿದ್ದ ಹೆಂಗಸಿಗೆ ಏನೆಂದು ಹೇಳುವುದು? ಅವಳು ಹಲ್ಲುಕಚ್ಚಿಕೊಂಡು ಇನ್ನಷ್ಟು ಪಾಚಿ ತಂದು ತುರುಕಿದಳು.

ಒಂದು ಸಂಜೆ ಮನೆಗೆ ಬಂದಾಗ ತೊಟ್ಟಿಯ ನೀರು ತಿಳಿನೀಲಿಯಾಗಿತ್ತು. ಅಡಗಿದ್ದ ಸೀಗಡಿಗಳೆಲ್ಲ ಹೊರಬಂದು ಹುಚ್ಚೆದ್ದಂತೆ ಮೇಲೆ ಕೆಳಗೆ ಈಜುತ್ತಿದ್ದವು. ಕೆಲವು ಆಗಲೇ ಮಗ್ಗುಲಾಗಿ ಬಿದ್ದಿದ್ದವು.

"ಸಾಹೇಬರ ಮೈಮೇಲೆ ಬಿಳಿ ಚುಕ್ಕೆ ಎದ್ದಿತ್ತು. ಪಕ್ಕದ ಮನೆಯವಳ ಕೈಲಿ ಔಷಧಿ ತರಿಸಿ ಹಾಕಿದೆ," ಎಂದರು ಅತ್ತಿಗೆ, ಹೆಮ್ಮೆಯಿಂದಲೇ.

ಅವಳು ಬಾಟಲಿ ತಿರುಗಿಸಿ ಓದಿದಳು. "ಇದರಲ್ಲಿ ತಾಮ್ರ ಇದೆ! ಮೀನಿಗೆ ಔಷಧಿ, ಸೀಗಡಿಗೆ ವಿಷ!"

"ಬಾಟ್ಲಿ ಮೇಲೆ ಮೀನಿನ ಚಿತ್ರ ಇತ್ತು. ಸೀಗಡಿನೂ ನೀರಲ್ಲೇ ಇರೋದಲ್ವೇನೇ?"

ನೀರು ಬದಲಿಸಲೆಂದು ಹಿಂದಿನ ದಿನ ಹಿಡಿದಿಟ್ಟಿದ್ದ ಬಕೆಟ್ಟಿಗೆ ಅವಳು ಟೀ ಸೋಸುವ ಜಾಲರಿಯಿಂದ ಸಿಕ್ಕಸಿಕ್ಕವನ್ನು ಎತ್ತಿ ಹಾಕಿದಳು. ಗಂಡ ಬಂದು, "ನೀರಿಗೆ ಇನ್ನೊಂದಿಷ್ಟು ನೀರು ಬೆರೆಸಿದ್ರೆ..." ಎಂದು ಬಾಯಿ ತೆರೆದ.

"ನೀವು ಒಂದು ಮಾತಾಡಿದ್ರೆ ನಿಮ್ಮನ್ನೂ ಈ ಬಕೆಟ್ಟಲ್ಲೇ ಮುಳುಗಿಸ್ತೀನಿ."

ಬೆಳಗಿನ ಹೊತ್ತಿಗೆ ಬಕೆಟ್ಟಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. ಸಾಹೇಬರು ಮಾತ್ರ ಚುಕ್ಕೆ ಮಾಯವಾಗಿ ಮದುಮಗನಂತೆ ಮಿಂಚತೊಡಗಿದರು. ಅತ್ತಿಗೆಯೊಂದಿಗೆ ಅವಳು ಮಾತು ಬಿಟ್ಟಳು. ಊಟ ಬಡಿಸಿದಳು, ಮಂಡಿಗೆ ಬಿಸಿನೀರಿನ ಚೀಲ ಇಟ್ಟಳು, ಮಾತು ಮಾತ್ರ ಇಲ್ಲ. ಸಿಟ್ಟೆಲ್ಲ ಡ್ರೈವಿಂಗ್ ಕಲಿಯುವವರ ಮೇಲೆ ತಿರುಗಿತು. ಗೇರು ಕಿರ್ರೆನ್ನಿಸಿದ ಬ್ಯಾಂಕಿನ ಗುಮಾಸ್ತರೊಬ್ಬರು ಕಣ್ಣಲ್ಲಿ ನೀರು ಹಾಕಿಕೊಂಡರು.

ಹೀಗಿರುವಾಗ ಒಂದು ದಿನ ಮನೆಗೆ ಬಂದರೆ ಸೋಫಾ ಖಾಲಿ, ತೊಟ್ಟಿಯೂ ಖಾಲಿ. ಅವಳು ಬಕೆಟ್ಟಿನತ್ತ ಓಡಿದಳು; ಸೀಗಡಿಗಳು ಅಲ್ಲೇ ಇದ್ದವು. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಮುಚ್ಚಳದ ಡಬ್ಬಿ ಹಿಡಿದು ಅತ್ತಿಗೆ ಇಳಿದರು. ಸಾಹೇಬರನ್ನು ಅಂಗಡಿಗೆ ಕೊಟ್ಟು, ಗಾಜಿಗೆ ಅಂಟಿಕೊಂಡು ಪಾಚಿ ಕೆರೆಯುವ ಪುಟ್ಟ ಮೀನುಗಳನ್ನು ತಂದಿದ್ದರು.

"ಅಂಗಡಿಯವನ ಮಾತು ನಂಬಲಿಲ್ಲ. ಒಂದೊಂದರ ಬಾಯಿನೂ ಭೂತಗನ್ನಡಿ ಇಟ್ಟು ನೋಡಿ ತಂದೆ," ಎಂದರು. ಕಣ್ಣು ಕೆಂಪಾಗಿತ್ತು.

"ಈ ಕಾಲಲ್ಲಿ ಯಾಕೆ ಹೋದ್ರಿ ಅತ್ತಿಗೆ? ನನಗೆ ಹೇಳಿದ್ರೆ ಆಗ್ತಿರಲಿಲ್ವಾ?"

"ಹೇಳೋಕೆ ನೀನು ಮಾತಾಡ್ತಿದ್ಯಾ?"

ಅವಳಿಗೆ ನಗುವೂ ಬಂತು, ಮೈಯೂ ಉರಿಯಿತು. ಕಲ್ಲುಗಳಿಗೂ ತಾಮ್ರ ಹಿಡಿದಿರುತ್ತದೆಂದು ಅವನ್ನೆಲ್ಲ ಎಸೆದು, ತೊಟ್ಟಿ ಉಜ್ಜಿ, ಹೊಸ ಕಲ್ಲು, ಹೊಸ ಪಾಚಿ, ಹೊಸ ನೀರು ಹಾಕಿದಳು. ನೀರು ಹದಕ್ಕೆ ಬರುವ ತನಕ ಮೀನುಗಳೂ ಸೀಗಡಿಗಳೂ ಬೇರೆಬೇರೆ ಬಕೆಟ್ಟುಗಳಲ್ಲಿ ಬಚ್ಚಲುಮನೆಯನ್ನು ಆಕ್ರಮಿಸಿಕೊಂಡವು. ಗಂಡ ಗೊಣಗಿದರೂ ಪಕ್ಕಕ್ಕೆ ಸರಿದು ಸ್ನಾನ ಮಾಡಿದ.

ಎಲ್ಲವನ್ನೂ ತೊಟ್ಟಿಗೆ ಬಿಟ್ಟ ಮೇಲೆ ಮೀನುಗಳು ಸೀಗಡಿಗಳ ತಂಟೆಗೇ ಹೋಗಲಿಲ್ಲ. ಬಹಳ ದಿನಗಳ ನಂತರ, ಏರುದಾರಿಯಲ್ಲಿ ಹಾಫ್ ಕ್ಲಚ್ ಹೇಳಿಕೊಡುವಾಗ ಫೋನ್ ಬಂತು.

"ಮರಿಯಾಗಿದೆ ಕಣೇ! ಧೂಳು ಅಂದ್ಕೊಂಡಿದ್ದೆ, ಧೂಳು ನಡೀತಿದೆ!"

ಅವಳು "ಹೌದಾ!" ಎಂದು ಕೂಗಿದಳು. ಬೆಚ್ಚಿದ ಶಿಷ್ಯೆ ಕ್ಲಚ್ ಬಿಟ್ಟಳು, ಕಾರು ಹಿಂದಕ್ಕೆ ಜಾರಿತು. ಅವಳು ಜೀವ ಹೋಗುವಂತೆ ಬ್ರೇಕ್ ತುಳಿದಳು.

ಮನೆಗೆ ಓಡಿಬಂದು ನೋಡಿದರೆ ಮರಿಯೊಂದೂ ಕಾಣದು. ನೀರೆಲ್ಲ ಮಸುಕು, ತಳದ ತುಂಬ ಮೀನಿನ ಆಹಾರದ ಕಾಳು.

"ಬಾಣಂತಿಯರಲ್ವಾ, ಹೊಟ್ಟೆತುಂಬಾ ತಿನ್ನಲಿ ಅಂತ ಸ್ವಲ್ಪ ಜಾಸ್ತಿ ಹಾಕಿದೆ," ಎಂದರು ಅತ್ತಿಗೆ.

ಕಾಳು ಕೊಳೆತರೆ ನೀರು ಕೆಡುತ್ತದೆ, ಕೊಳವೆ ಹಾಕಿ ಎಳೆದರೆ ಮರಿಗಳೂ ಬಂದುಬಿಡುತ್ತವೆ. ಅವಳು ಉಸಿರು ಬಿಟ್ಟು, ಸೀರೆಯ ಸೆರಗು ಸಿಕ್ಕಿಸಿ, ಔಷಧಿಯ ಡ್ರಾಪರ್ ಹಿಡಿದು ಒಂದೊಂದೇ ಕಾಳು ಎತ್ತತೊಡಗಿದಳು. ಭೂತಗನ್ನಡಿ ಹಿಡಿದು ಪಕ್ಕದಲ್ಲಿ ಕೂತ ಅತ್ತಿಗೆ, "ಎಡಕ್ಕೆ ಕಣೇ, ಎಡಕ್ಕೆ. ಅಯ್ಯೋ, ಅದು ಮರಿ! ನಿಧಾನ!" ಎಂದು ಹೇಳಿಕೊಡುತ್ತಲೇ ಇದ್ದರು.