ಶನಿವಾರದ ಮೆಟ್ಟಿಲಲ್ಲಿ ನಾನು ಹೇಳಿದ ಸುಳ್ಳು

ನಾನು ನಿಂತದ್ದು ಖಾನಾಪುರದ ನಮ್ಮ ಶಾಲೆಯ ಜಗಲಿಯ ಮೇಲೆ, ಮೈಕಿನ ಎಡಕ್ಕೆ. ನಾಲ್ಕು ವರ್ಷದ ಹಿಂದೆ, ಜನವರಿಯ ಒಂದು ಶನಿವಾರ. ಬೆಳಿಗ್ಗೆ ಎಂಟೂವರೆ ದಾಟಿತ್ತು, ಪ್ರಾರ್ಥನೆ ಮುಗಿದಿತ್ತು. ನಾನು ಆಗಲೂ ಅಲ್ಲಿನ ಮುಖ್ಯೋಪಾಧ್ಯಾಯ, ಈಗಲೂ ಹೌದು. ಅಲ್ಲಿಂದ ನನಗೆ ಎಲ್ಲರ ಮುಖಗಳೂ ಕಾಣುತ್ತಿದ್ದವು. ಸರಿಯಾಗಿ ಕಾಣಲಿಲ್ಲ ಎಂದು ಹೇಳುವ ಹಾಗಿಲ್ಲ.

ಶನಿವಾರದ ಒಂದು ರೂಢಿಯನ್ನು ನಾನೇ ಹಾಕಿದ್ದೆ. ಆ ವಾರ ತಪ್ಪು ಮಾಡಿದ ಮಗು ಜಗಲಿಯ ಮೆಟ್ಟಿಲು ಹತ್ತಿ ಅದನ್ನು ಹೇಳಬೇಕು. ಶಿಕ್ಷೆ ಇಲ್ಲ, ಬೈಗುಳ ಇಲ್ಲ. ಕೆಳಗಿನವರೆಲ್ಲ ಒಟ್ಟಿಗೆ "ಆತು, ಸರಿ ಮಾಡ್ಕೋ" ಅನ್ನಬೇಕು, ಅಷ್ಟೇ. ಪೆನ್ಸಿಲ್ ಕದ್ದದ್ದು, ತಮ್ಮನನ್ನು ಹೊಡೆದದ್ದು, ಅಜ್ಜಿಗೆ ಸುಳ್ಳು ಹೇಳಿದ್ದು, ಎಲ್ಲ ಆ ಮೆಟ್ಟಿಲ ಮೇಲೆ ಬರುತ್ತಿತ್ತು. ಈ ರೂಢಿಯ ಬಗ್ಗೆ ನನಗೆ ಜಂಬವಿತ್ತು.

ಅವತ್ತು ಹತ್ತಿದವಳು ಏಳನೇ ತರಗತಿಯ ಹುಡುಗಿ. ಹಿಂದಿನ ವಾರ ತಾಲ್ಲೂಕು ವಿಜ್ಞಾನ ಪ್ರದರ್ಶನದಲ್ಲಿ ಅವಳ ನೀರಿನ ಗಾಲಿಗೆ ಮೊದಲ ಬಹುಮಾನ ಬಂದಿತ್ತು. ಎರಡನೆಯದು ಅದೇ ತರಗತಿಯ ಇನ್ನೊಬ್ಬಳಿಗೆ. ಈ ಎರಡನೆಯವಳ ಮನೆಯವರು ಹೆಂಚಿನ ಭಟ್ಟಿಯಲ್ಲಿ ದುಡಿಯುವವರು. ತರಕಾರಿ ಬಾಡದಂತೆ ಇಡುವ ಮಣ್ಣಿನ ಪೆಟ್ಟಿಗೆಯನ್ನು ಅವಳು ತನ್ನ ಕೈಯಿಂದಲೇ ಮಾಡಿದ್ದಳು. ಬೆಳಗಾವಿಯ ಜಿಲ್ಲಾ ಪ್ರದರ್ಶನಕ್ಕೆ ಮೊದಲ ಬಹುಮಾನದ್ದು ಮಾತ್ರ ಹೋಗುವುದು.

ಮೆಟ್ಟಿಲ ಮೇಲೆ ಹುಡುಗಿ ಮೈಕಿಗೆ ಮುಖ ಎತ್ತಿ ಹೇಳಿದಳು: "ಗಾಲಿ ನಾ ಮಾಡಿದ್ದಲ್ಲರೀ. ನಮ್ಮಪ್ಪಾ ಬೆಳಗಾವ್ಯಾಗ ಎರಕ ಹೊಯ್ಸಿಕೊಂಡು ಬಂದಾನ. ಬಹುಮಾನ ಆಕೀಗೆ ಕೊಡ್ರಿ."

ಅವಳ ತಂದೆ ಅಲ್ಲೇ ಇದ್ದರು. ಶಾಲಾ ಸಮಿತಿಯ ಸದಸ್ಯರು. ಸೋರುವ ಎರಡು ಕೊಠಡಿಗಳಿಗೆ ಮಳೆಗಾಲದೊಳಗೆ ಹೊಸ ಹೆಂಚು ಹಾಕಿಸಿಕೊಡುತ್ತೇನೆಂದು ಮಾತು ಕೊಟ್ಟು, ಅಳತೆಗೆಂದು ಬಂದಿದ್ದರು. ಅವರು ನಕ್ಕರು.

"ಏನ್ ಸರ್, ಸಾಲ್ಯಾಗ ಕೋರ್ಟ್ ಚಾಲೂ ಮಾಡೀರೇನು? ಮೊದ್ಲ ಹೇಳಿದ್ರ ವಕೀಲರನ್ನ ಕರಕೊಂಡು ಬರ್ತಿದ್ನೆಲ್ರಿ."

ಇಬ್ಬರು ಶಿಕ್ಷಕರು ನಕ್ಕರು. ಮಕ್ಕಳು "ಆತು" ಅನ್ನುವುದೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದರು. ಅದು ಮಗುವಿನ ಕೈಕೆಲಸವಲ್ಲವೆಂದು ನನಗೆ ಗೊತ್ತಿತ್ತು. ಆ ಗಾಲಿಯ ರೆಕ್ಕೆಗಳನ್ನು ಮುಟ್ಟಿ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಗೊತ್ತಿದ್ದೂ ನಾನು ಮೈಕು ಎಳೆದುಕೊಂಡೆ.

"ಈಕಿ ಭಾಳ ವಿನಯದ ಹುಡುಗಿ. ಅಪ್ಪಾ ಒಂದು ಮೊಳಿ ಬಡದ್ರೂ ಎಲ್ಲಾ ಅಪ್ಪಾನ ಮಾಡಿದ ಅಂತಾಳ. ಚಪ್ಪಾಳಿ ಹೊಡೀರಿ."

ಹೊಡೆದರು. ಜೋರಾಗಿಯೇ ಹೊಡೆದರು. ಆ ಸದ್ದಿನ ನಡುವೆ ಹುಡುಗಿ ನನಗೆ ಮಾತ್ರ ಕೇಳುವಂತೆ, "ಇಲ್ಲಿ ಖರೇ ಹೇಳಬೇಕಂತ ನೀವ ಹೇಳಿದ್ರೆಲ್ರಿ ಸರ್," ಅಂದಳು. ನಾನು ಮೈಕು ಬಂದ್ ಮಾಡಿದೆ.

ಗಾಲಿ ಬೆಳಗಾವಿಗೆ ಹೋಯಿತು. ಹುಡುಗಿ ಮತ್ತು ಅವಳ ತಂದೆಯ ಜೊತೆಗೆ ನಾನೂ ಹೋದೆ. ರೆಕ್ಕೆಗಳನ್ನು ಹೇಗೆ ಬಾಗಿಸಿದೆ ಎಂದು ಪರೀಕ್ಷಕರು ಕೇಳಿದಾಗ ಅವಳು "ಗೊತ್ತಿಲ್ರಿ" ಅಂದಳು. ಮರಳುವ ದಾರಿಯಲ್ಲಿ ಪೀರನವಾಡಿ ದಾಟುವ ತನಕ ತಂದೆ ಅವಳನ್ನು ಮರಾಠಿಯಲ್ಲಿ ಬೈದರು, ಆಮೇಲೆ ನನ್ನ ಕಡೆ ತಿರುಗಿದರು. ನಿಮ್ಮ ಶನಿವಾರದ ಆಟದಿಂದಲೇ ಹುಡುಗಿ ಕೆಟ್ಟಳು ಅಂದರು. ಅವಳು ಕಿಟಕಿಗೆ ಹಣೆ ಒತ್ತಿಕೊಂಡಿದ್ದಳು.

ಮುಂದಿನ ಶನಿವಾರ ಒಬ್ಬರೂ ಮೆಟ್ಟಿಲು ಹತ್ತಲಿಲ್ಲ. ಅದರ ಮುಂದಿನ ವಾರ ಎರಡನೇ ತರಗತಿಯ ಮಗುವೊಂದು ಹತ್ತಿ ರಬ್ಬರ್ ಕಳೆದೆ ಅಂದಿತು. ದೊಡ್ಡ ತರಗತಿಯವರು ಕಿಸಕ್ಕನೆ ನಕ್ಕರು. ಪರೀಕ್ಷೆಯ ನೆಪ ಹೇಳಿ ನಾನೇ ರೂಢಿ ನಿಲ್ಲಿಸಿದೆ. ಹೆಂಚು ಬಂತು. ಕೊಠಡಿಗಳು ಈಗ ಸೋರುವುದಿಲ್ಲ.

ಹೋದ ತಿಂಗಳು ಬೆಳಗಾವಿಯ ಒಂದು ಪಾಲಕರ ಸಭೆಗೆ ನನ್ನನ್ನು ಕರೆದಿದ್ದರು. ಒಳ್ಳೆಯ ಮಕ್ಕಳನ್ನು ಬೆಳೆಸುವುದು ಹೇಗೆಂದು ಮಾತಾಡಬೇಕಿತ್ತು. ಮಗ ಸುಳ್ಳು ಹೇಳುತ್ತಾನೆ, ಏನು ಮಾಡಲಿ ಎಂದು ಒಬ್ಬ ತಾಯಿ ಕೇಳಿದರು. ಮೊಬೈಲು, ಸಹವಾಸ, ಮನೆಯ ವಾತಾವರಣ ಎಂದೆಲ್ಲ ಅರ್ಧ ಗಂಟೆ ಮಾತಾಡಿದೆ. ಅಲ್ಲಿಯೂ ಚಪ್ಪಾಳೆ ಬಿತ್ತು. ಬಸ್ಸಿನಲ್ಲಿ ಮರಳುವಾಗ ನನಗೆ ಮೈಯೆಲ್ಲ ಉರಿಯಿತು. ಗಾಲಿ ಮಾಡಿಸಿ ಕೊಟ್ಟ ತಂದೆಯ ಮೇಲೆ ಸಿಟ್ಟು ಬಂತು. ನಕ್ಕ ಶಿಕ್ಷಕರ ಮೇಲೆ, ಬಹುಮಾನ ಕೊಟ್ಟವರ ಮೇಲೆ ಸಿಟ್ಟು ಬಂತು. ಆದರೆ ಅವರಲ್ಲಿ ಯಾರೂ ಆ ಹುಡುಗಿಗೆ ಸತ್ಯ ಹೇಳು, ನಿನಗೇನೂ ಆಗುವುದಿಲ್ಲ ಎಂದು ಮಾತು ಕೊಟ್ಟಿರಲಿಲ್ಲ. ಮಾತು ಕೊಟ್ಟವನು ನಾನು. ಮಕ್ಕಳು ಸುಳ್ಳನ್ನು ಎಲ್ಲಿಂದಲೋ ಕಲಿತು ಬರುತ್ತಾರೆ ಎನ್ನುವ ಮುಖ್ಯೋಪಾಧ್ಯಾಯರನ್ನು ಕಂಡರೆ ಈಗ ನನಗೆ ತಡೆಯಲಾಗುವುದಿಲ್ಲ. ನಾನು ಅದನ್ನು ಮೈಕಿನಲ್ಲಿ ಕಲಿಸಿದೆ.

ಆದ್ದರಿಂದ ಬರೆದಿಡುತ್ತೇನೆ: ಹುಡುಗಿ ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಈ ಹಾಳೆಯ ಪ್ರತಿಯನ್ನು ಇಬ್ಬರು ಹುಡುಗಿಯರ ಮನೆಗಳಿಗೂ ನಾನೇ ಒಯ್ದು ಕೊಡುತ್ತೇನೆ. ನನ್ನ ಮಾತು ಸಾಲದೆನ್ನುವವರು ಬೇರೆಯವರನ್ನು ಕೇಳಬಹುದು. ಬಿಸಿಯೂಟದ ಅಡುಗೆ ಮಾಡುವ ಹೆಂಗಸು ಅವತ್ತು ಅಕ್ಕಿ ಆರಿಸುತ್ತ ಅಡುಗೆಮನೆಯ ಬಾಗಿಲಲ್ಲೇ ಕೂತಿದ್ದರು, ಈಗಲೂ ಶಾಲೆಯಲ್ಲಿದ್ದಾರೆ. ಅವತ್ತು ನಗದೆ ತಲೆ ತಗ್ಗಿಸಿದ ದೈಹಿಕ ಶಿಕ್ಷಕರು ನಿವೃತ್ತರಾಗಿ ಹಿಂಡಲಗಾದಲ್ಲಿದ್ದಾರೆ. ತಂದೆ ಇದ್ದಾರೆ, ಈಗಲೂ ಸಮಿತಿಯಲ್ಲಿದ್ದಾರೆ. ಮಣ್ಣಿನ ಪೆಟ್ಟಿಗೆ ಮಾಡಿದವಳು ಖಾನಾಪುರದಲ್ಲೇ ಕಾಲೇಜಿಗೆ ಹೋಗುತ್ತಾಳೆ. ಮೆಟ್ಟಿಲು ಹತ್ತಿದವಳು ಬೆಳಗಾವಿಯಲ್ಲಿ ಓದುತ್ತಿದ್ದಾಳೆ.