ಪಾಣಿಪಂಚೆಗೆ ಸಿಕ್ಕಿಸಿದ ದೊಣ್ಣೆ

2022ರ ನವೆಂಬರ್. ಆಗ ನಾನು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಆಸ್ಪತ್ರೆಯೊಂದರಲ್ಲಿ ವ್ಯಾಸ್ಕ್ಯುಲರ್ ಸರ್ಜನ್. ಸರಳವಾಗಿ ಹೇಳಬೇಕೆಂದರೆ ರಕ್ತನಾಳಗಳ ಕೊಳಾಯಿ ರಿಪೇರಿಯವನು. ಕಟ್ಟಿಕೊಂಡರೆ ಬಿಡಿಸುವುದು, ಒಡೆದರೆ ಹೊಲಿಯುವುದು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಕಲಿತು ಇಲ್ಲಿಗೆ ಬಂದವನಿಗೆ ಫ್ರೀವೇ ಅಪಘಾತ, ಗುಂಡೇಟು, ಚಾಕು ಇರಿತಗಳಲ್ಲಿ ಕೈ ಪಳಗಿತ್ತು. ಆದರೆ ನನ್ನ ವೃತ್ತಿಯಲ್ಲಿ ಮರೆಯಲಾಗದ ಕೇಸು ಆಪರೇಷನ್ ಥಿಯೇಟರಿನಲ್ಲಿ ನಡೆದದ್ದಲ್ಲ. ರಜೆಯ ಮೇಲಿದ್ದಾಗ, ಮೆಕ್ಸಿಕೋದ ಕಡಲಿನಲ್ಲಿ, ಇಪ್ಪತ್ತೆರಡು ಅಡಿಯ ದೋಣಿಯಲ್ಲಿ ನಡೆದದ್ದು. ರೋಗಿ ನನ್ನ ಗೆಳೆಯ ಶ್ರೀಕಂಠ.

ಶ್ರೀಕಂಠ ಮೈಸೂರಿನವನು, ಮೌಂಟನ್ ವ್ಯೂನಲ್ಲಿ ಇಂಜಿನಿಯರು. ಮೀನು ತಿನ್ನದ ಮೀನುಗಾರ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಈ ಮನುಷ್ಯ ಭಾನುವಾರವಾದರೆ ಫಾಸ್ಟರ್ ಸಿಟಿಯ ನನ್ನ ಮನೆಯ ಹಿಂದಿನ ಲಗೂನಿಗೆ ಗಾಳ ಹಾಕಿ ಕೂರುತ್ತಿದ್ದ. ಸಿಕ್ಕ ಮೀನಿನ ಬಾಯಿಂದ ಗಾಳ ಬಿಡಿಸಿ, ಫೋಟೋ ತೆಗೆಸಿಕೊಂಡು, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ನೀರಿಗೆ ಬಿಡುತ್ತಿದ್ದ. "ಹಿಡಿಯೋದು ಆಟ ಕಣೋ, ಕೊಂದ್ರೆ ಪಾಪ" ಎಂಬುದು ಅವನ ಶಾಸ್ತ್ರ. "ಗಾಳ ಚುಚ್ಚಿಸ್ಕೊಂಡ ಮೀನನ್ನ ಒಂದ್ಸಲ ಕೇಳಲೇ, ಅದು ಏನಂತದ ಅಂತ" ಎಂದು ನಾನು ಕಾಲೆಳೆಯುತ್ತಿದ್ದೆ. ಅವನ ಹೆಂಡತಿ ಮಾಲಿನಿ, "ಇವರು ಮನೇಲಿ ಜೇಡಾನೂ ಕಪ್ಪಲ್ಲಿ ಹಿಡಿದು ಪ್ಯಾಟಿಯೋಗೆ ಬಿಟ್ಟು ಬರ್ತಾರೆ, ಡಾಕ್ಟ್ರೇ" ಎನ್ನುತ್ತಿದ್ದರು. ಅದು ಹೆಮ್ಮೆಯೋ ದೂರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಇಬ್ಬರೇ ಸ್ಯಾನ್ ಹೋಸೆಯಿಂದ ವಿಮಾನ ಹತ್ತಿ ಬಾಹಾ ಪರ್ಯಾಯ ದ್ವೀಪದ ದಕ್ಷಿಣ ತುದಿಗೆ ಹೋದೆವು. ಅಲ್ಲಿನ ಮೀನುಗಾರರ ದೋಣಿಗೆ ಪಾಂಗಾ ಎನ್ನುತ್ತಾರೆ. ಮೇಲೆ ಚಾವಣಿಯಿಲ್ಲ, ಒಳಗೆ ಕೋಣೆಯಿಲ್ಲ. ಫೈಬರಿನ ಒಂದು ಉದ್ದನೆಯ ತೊಟ್ಟಿ, ಹಿಂದೆ ಒಂದು ಎಂಜಿನ್. ನಮ್ಮ ಪಾಂಗಾದ ಒಡೆಯ ಬೆಟೋ, ಐವತ್ತರ ಆಸುಪಾಸಿನ ಮಾತುಗಾರ. ಅವನಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬಾರದು. ನಮ್ಮ ಆಸ್ಪತ್ರೆಗೆ ಬರುವ ಅರ್ಧದಷ್ಟು ರೋಗಿಗಳ ಭಾಷೆ ಅದೇ ಆದ್ದರಿಂದ ನಾನೇ ದುಭಾಷಿ.

ಶ್ರೀಕಂಠ ಬಿಸಿಲಿಗೆಂದು ಟೋಪಿ ತಂದಿರಲಿಲ್ಲ. ಮೈಸೂರಿನಿಂದ ಅವನಮ್ಮ ಕಳಿಸಿದ್ದ ಕೆಂಪಂಚಿನ ಪಾಣಿಪಂಚೆಯನ್ನು ತಲೆಗೆ ಸುತ್ತಿಕೊಂಡಿದ್ದ. ಒದ್ದೆ ಮಾಡಿದರೆ ತಂಪು, ಹಿಂಡಿದರೆ ಒಣಗುತ್ತದೆ, ಅದರ ಮುಂದೆ ಯಾವ ಬ್ರ್ಯಾಂಡೂ ಇಲ್ಲ ಎಂದು ಅವನ ವಾದ. ಚಡ್ಡಿ, ಬರಿಗಾಲು, ತಲೆಗೆ ಪಾಣಿಪಂಚೆ. ಬೆಟೋ ಅವನನ್ನು ನೋಡಿ, ನಿನ್ನ ಗೆಳೆಯ ಪಾದ್ರಿಯೋ ಎಂದು ಕೇಳಿದ. ಹೆಚ್ಚುಕಡಿಮೆ ಹಾಗೇ ಅಂದೆ.

ಹೊರಡುವ ಮುಂಚೆ ಬೆಟೋ ತನ್ನ ದೋಣಿಯ ಕಟ್ಟಳೆ ಹೇಳಿದ. ದೊಡ್ಡ ಮೀನು ಸಿಕ್ಕರೆ ಅದನ್ನು ಕೊಕ್ಕೆಯಿಂದ ಎಳೆದು, ದೋಣಿಯ ಅಂಚಿನ ಹೊರಗೇ ತಲೆಗೆ ದೊಣ್ಣೆಯಿಂದ ಬಾರಿಸಬೇಕು. ಸತ್ತ ಮೇಲೆಯೇ ಒಳಗೆ. ದೊಣ್ಣೆಯನ್ನು ಎತ್ತಿ ತೋರಿಸಿದ. ಒಂದೂವರೆ ಅಡಿಯ ಗಟ್ಟಿ ಮರ, ಹಿಡಿಕೆ ಕೈಬೆವರಿಗೆ ಕಪ್ಪಾಗಿತ್ತು. ನಾನು ಅನುವಾದಿಸಿದೆ. ಶ್ರೀಕಂಠ ಮುಖ ಸಿಂಡರಿಸಿದ.

ಬೆಳಗಿನ ಹೊತ್ತು ಕಡಲು ಒರಟಾಗಿತ್ತು. ದಡ ಬಿಟ್ಟು ಒಂದು ಗಂಟೆಗೂ ಹೆಚ್ಚು ದೂರ ಬಂದಿದ್ದೆವು. ಇದ್ದಕ್ಕಿದ್ದಂತೆ ಶ್ರೀಕಂಠನ ರೀಲು ಕಿರುಚಿಕೊಂಡಿತು. ಸಿಕ್ಕದ್ದು ವಾಹೂ. ನಮ್ಮ ಮಂಗಳೂರಿನ ಅಂಜಲ್ ಮೀನಿನ ದಾಯಾದಿ ಅನ್ನಬಹುದು, ಆದರೆ ಮೈಯಲ್ಲೂ ಸಿಟ್ಟಿನಲ್ಲೂ ದೊಡ್ಡದು. ಬಾಯಿಯ ತುಂಬ ಒಂದಕ್ಕೊಂದು ಕೂಡಿಕೊಂಡ ಸಣ್ಣ ತ್ರಿಕೋನದ ಹಲ್ಲು. ಬ್ಲೇಡಿಗೂ ಅದಕ್ಕೂ ವ್ಯತ್ಯಾಸವಿಲ್ಲ. ದಾರ ಎಳೆದೂ ಎಳೆದೂ ಶ್ರೀಕಂಠನ ಬೆರಳು ಸೀಳಿ ರಕ್ತ ಬಂತು. ಅವನಿಗೆ ಗೊತ್ತೇ ಆಗಲಿಲ್ಲ, ನಗುತ್ತಿದ್ದ. ಕೊನೆಗೆ ನೀಲಿ ಪಟ್ಟೆಗಳ ಆ ಮೀನು ಪಕ್ಕಕ್ಕೆ ಬಂದಾಗ ಅವನಷ್ಟೇ ಉದ್ದವಿತ್ತು.

ಬೆಟೋ ಒಂದು ಕೈಗೆ ಕೊಕ್ಕೆ, ಇನ್ನೊಂದಕ್ಕೆ ದೊಣ್ಣೆ ತೆಗೆದುಕೊಂಡ. ಶ್ರೀಕಂಠ ಗಾಳದ ಕೋಲು ಬಿಟ್ಟು ಅವನ ತೋಳು ಹಿಡಿದುಕೊಂಡ.

"ಬೇಡ ಬೇಡ! ಹೊಡೀಬೇಡ ಅನ್ನೋ ಅವನಿಗೆ. ಒಂದೇ ಫೋಟೋ, ಆಮೇಲೆ ಬಿಟ್ಬಿಡ್ತೀನಿ."

ನಾನು ಹೇಳಿದೆ. ಬೆಟೋ ಆಗದೆಂದು ತಲೆಯಾಡಿಸಿದ. ಈ ಮೀನಿಗೆ ಇನ್ನೂ ದಣಿವಾಗಿಲ್ಲ, ಜೀವಂತ ಒಳಗೆ ತರುವ ಹಾಗಿಲ್ಲ ಎಂದ. ಶ್ರೀಕಂಠ ಕೈ ಮುಗಿದ. ನಿಜವಾಗಿಯೂ, ದೇವರ ಮುಂದೆ ನಿಂತವನ ಹಾಗೆ, ಎರಡೂ ಕೈ ಜೋಡಿಸಿದ. ಪಾದ್ರಿ ಕೈಮುಗಿದರೆ ಇಲ್ಲ ಎನ್ನುವುದು ಹೇಗೆ? ಬೆಟೋ ಗೊಣಗಿಕೊಂಡು ದೊಣ್ಣೆ ಕೆಳಗಿಟ್ಟ. ಕೈಗವಸು ಹಾಕಿ ಮೀನಿನ ಬಾಲದ ಬುಡ ಹಿಡಿದು ಒಳಗೆ ಜಾರಿಸಿದ.

ಆಮೇಲೆ ಆದದ್ದು ಉಸಿರು ಎಳೆದು ಬಿಡುವಷ್ಟರಲ್ಲಿ ಮುಗಿದುಹೋಯಿತು. ಮೀನು ನೆಲಕ್ಕೆ ತಾಗಿದ್ದೇ ತಡ, ಬಿಲ್ಲಾಗಿ ಬಾಗಿ ಸಿಡಿಯಿತು. ನೀರಿನ ಕ್ಯಾನು ಹಾರಿತು, ಬೆಟೋ ಮುಗ್ಗರಿಸಿ ಎಂಜಿನ್ನಿಗೆ ಬಡಿದ. ಶ್ರೀಕಂಠ ತಪ್ಪಿಸಿಕೊಳ್ಳಲು ತಿರುಗಿ ಮುಂದಿನ ಹಲಗೆಗೆ ಕಾಲೆತ್ತಿದ. ಎರಡನೆಯ ಸಲ ಸಿಡಿದಾಗ ಮೀನಿನ ಬಾಯಿಗೆ ಅವನ ಬಲಗಾಲಿನ ಮಂಡಿಯ ಹಿಂಭಾಗ ಸಿಕ್ಕಿತು. ಕಚ್ಚಿ, ಒದ್ದಾಡಿ, ಹರಿದುಕೊಂಡು ಬಿತ್ತು.

ಬೆಟೋ ದೊಣ್ಣೆ ಎತ್ತಿಕೊಂಡ. ತಲೆಗೆ ಬಾರಿಸಿದ, ಮತ್ತೆ ಬಾರಿಸಿದ, ಸತ್ತ ಮೇಲೂ ಬಾರಿಸಿದ. ಅವನಿಗೆ ಸಿಟ್ಟು ಮೀನಿನ ಮೇಲಿರಲಿಲ್ಲ ಅನಿಸುತ್ತದೆ.

ಮಂಡಿಯ ಹಿಂದೆ ಪಾಪ್ಲಿಟಿಯಲ್ ಎಂಬ ಅಪಧಮನಿಯಿದೆ. ಮೊಣಕಾಲಿನ ಕೆಳಗಿನ ಇಡೀ ಕಾಲಿಗೆ ರಕ್ತ ಹೋಗುವ ಹೆದ್ದಾರಿ ಅದು. ಅದು ತುಂಡಾದರೆ ರಕ್ತ ಜಿನುಗುವುದಿಲ್ಲ, ಎದೆಬಡಿತದ ತಾಳಕ್ಕೆ ಚಿಮ್ಮುತ್ತದೆ. ನನ್ನ ಮುಖಕ್ಕೇ ಚಿಮ್ಮಿತು. ನಾನು ಮುಷ್ಟಿಯನ್ನು ಗಾಯದೊಳಗೆ ತುರುಕಿದೆ. ಥಿಯೇಟರಿನಲ್ಲಾದರೆ ನರ್ಸು, ದೀಪ, ಕ್ಲಾಂಪು. ಇಲ್ಲಿ ಮೀನಿನ ರಕ್ತ, ಅವನ ರಕ್ತ ಕೂಡಿ ನೆಲವೆಲ್ಲ ಜಾರುಬಂಡೆ. ಅಲೆ ಬಂದಾಗಲೆಲ್ಲ ಕೈ ಕಿತ್ತು ಬರುತ್ತಿತ್ತು. ನನಗೆ ಹೆದರಿಕೆಯಾಯಿತು. ವೃತ್ತಿಗೆ ಬಂದ ಮೇಲೆ ಅಂಥ ಹೆದರಿಕೆ ಆಗಿರಲಿಲ್ಲ.

ಉಳಿದಿದ್ದು ಟೂರ್ನಿಕೆಟ್ ಒಂದೇ, ಎಂದರೆ ತೊಡೆಗೆ ಬಟ್ಟೆ ಕಟ್ಟಿ, ಕೋಲು ಸಿಕ್ಕಿಸಿ, ತಿರುಚಿ ರಕ್ತ ನಿಲ್ಲಿಸುವುದು. ಅವನ ತಲೆಯ ಪಾಣಿಪಂಚೆ ಎಳೆದುಕೊಂಡು ತೊಡೆಗೆ ಸುತ್ತಿ ಗಂಟು ಹಾಕಿದೆ. ಬೆಟೋ ಕೈಯಿಂದ ದೊಣ್ಣೆ ಕಿತ್ತುಕೊಂಡು ಗಂಟಿನ ಮೇಲಿಟ್ಟು ಇನ್ನೊಂದು ಗಂಟು ಬಿಗಿದೆ. ದೋಣಿ ದಡಕ್ಕೆ ತಿರುಗಿಸು ಎಂದು ಕೂಗಿದೆ.

ಇಲ್ಲಿ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಅಪಧಮನಿ ಒಳಗಡೆ ಇರುತ್ತದೆ, ರಕ್ತ ವಾಪಸು ಒಯ್ಯುವ ಅಭಿಧಮನಿ ಮೆತ್ತಗೆ, ಮೇಲುಮೇಲೆ. ಅರ್ಧ ಬಿಗಿದರೆ ವಾಪಸು ಹೋಗುವ ದಾರಿ ಮಾತ್ರ ಮುಚ್ಚುತ್ತದೆ, ಬರುವ ದಾರಿ ತೆರೆದೇ ಇರುತ್ತದೆ. ಆಗ ಗಾಯದಿಂದ ಮೊದಲಿಗಿಂತ ಜಾಸ್ತಿ ರಕ್ತ ಹೋಗುತ್ತದೆ. ಅರ್ಧ ಬಿಗಿದ ಟೂರ್ನಿಕೆಟ್ಟು ಕಟ್ಟದಿದ್ದದ್ದಕ್ಕಿಂತ ಕೆಟ್ಟದ್ದು. ಪೂರ್ತಿ ಬಿಗಿದರೆ ರಕ್ತ ನಿಲ್ಲುತ್ತದೆ, ಆದರೆ ಆ ನೋವನ್ನು ಎಚ್ಚರವಿರುವ ಮನುಷ್ಯ ಸುಮ್ಮನೆ ತಡೆದುಕೊಳ್ಳಲಾರ.

ನಾನು ದೊಣ್ಣೆ ತಿರುಗಿಸಿದೆ. ಶ್ರೀಕಂಠ ಅರಚಿದ. ಇನ್ನೂ ತಿರುಗಿಸಿದೆ. ಗಾಯ ಒಮ್ಮೆ ಉಕ್ಕಿ ಬಂತು, ಇನ್ನೊಂದು ಸುತ್ತಿಗೆ ನಿಂತಿತು. ಹಾಗೇ ದೊಣ್ಣೆ ಹಿಡಿದುಕೊಂಡು ಕೂತೆ. ಕಟ್ಟಿ ಬಿಡಲು ಹಗ್ಗವಿತ್ತು, ಆದರೆ ಅದನ್ನು ತರಲು ಮೂರನೆಯ ಕೈ ಇರಲಿಲ್ಲ. ಬೆಟೋ ಎಂಜಿನ್ ಬಿಡುವ ಹಾಗಿರಲಿಲ್ಲ.

ಸ್ವಲ್ಪ ಹೊತ್ತು ಕಳೆದ ಮೇಲೆ ಶ್ರೀಕಂಠ ಗಾಯದ ನೋವು ಮರೆತ. ಕಟ್ಟಿನ ನೋವು ಶುರುವಾಯಿತು. ದೊಣ್ಣೆಗೆ ಕೈ ಹಾಕಿದ.

"ಸಡಿಲ ಮಾಡೋ. ಒಂದೇ ನಿಮಿಷ. ನಮ್ಮಮ್ಮನಾಣೆ, ಒಂದೇ ನಿಮಿಷ ಕಣೋ."

"ಸಡಲ ಮಾಡಿದ್ರ ಸಾಯ್ತಿಯಲೇ. ಸುಮ್ನ ಬೀಳು."

"ನೀನು ಡಾಕ್ಟ್ರಾ, ಕಟುಕನಾ?"

ಹೇಳುತ್ತಲೇ ಎರಡೂ ಕೈಯಿಂದ ದೊಣ್ಣೆ ಹಿಡಿದು ಎಳೆದ. ಜೇಡಕ್ಕೂ ಏಟು ಕೊಡದವನಿಗೆ ಆ ಶಕ್ತಿ ಎಲ್ಲಿಂದ ಬಂತೋ. ದೊಣ್ಣೆ ನನ್ನ ಕೈಯಿಂದ ಜಾರಿತು. ಪಂಚೆ ಬಿಚ್ಚಿ ತಿರುಗಿತು, ರಕ್ತ ಮತ್ತೆ ಚಿಮ್ಮಿತು. ಆ ರಕ್ತದ ಬಣ್ಣ ನೋಡಿ ನನಗೆ ತಲೆ ಕೆಟ್ಟಿತು. ಮುಷ್ಟಿ ಕಟ್ಟಿ ಅವನ ದವಡೆಗೆ ಹೊಡೆದೆ. ಅವನು ಮತ್ತೆ ಕೈ ಚಾಚಿದ. ಮತ್ತೆ ಹೊಡೆದೆ, ಪೂರಾ ಬಲದಿಂದ. ಹಲ್ಲೊಂದು ಮುರಿದದ್ದು ನನ್ನ ಗೆಣ್ಣಿಗೇ ತಿಳಿಯಿತು. ಅವನ ತಲೆ ಹಲಗೆಗೆ ಒರಗಿತು. ಅವನ ಎದೆಯ ಮೇಲೆ ಮುಖಕ್ಕೆ ಬೆನ್ನು ಮಾಡಿ ಕೂತು, ತೋಳುಗಳನ್ನು ನನ್ನ ಮಂಡಿಯ ಕೆಳಗೆ ಒತ್ತಿ ಹಿಡಿದು, ದೊಣ್ಣೆಯನ್ನು ರಕ್ತ ನಿಲ್ಲುವ ತನಕ ತಿರುಚಿದೆ.

ದಡದ ತನಕ ಹಾಗೇ ಬಂದೆವು. ಅಲೆ ಅಲೆಗೂ ದೋಣಿ ಎದ್ದು ಅಪ್ಪಳಿಸುತ್ತಿತ್ತು, ಅಪ್ಪಳಿಸಿದಾಗಲೆಲ್ಲ ನನ್ನ ಕೆಳಗೆ ಅವನು ನರಳುತ್ತಿದ್ದ. ಮೊದಲು ಬೈದ, ಆಮೇಲೆ ಬೇಡಿಕೊಂಡ, ಆಮೇಲೆ ಅಮ್ಮನನ್ನು ಕರೆದ. ಕೊನೆಗೆ ಸುಮ್ಮನಾದ. ಸುಮ್ಮನಾದದ್ದೇ ನನಗೆ ಎಲ್ಲಕ್ಕಿಂತ ಭಯವಾಯಿತು. "ಬೈಯಲೇ, ಬೈತಾನ ಇರು" ಎಂದು ನಾನು ಕೂಗುತ್ತಿದ್ದೆ. ಅಳುತ್ತಲೂ ಇದ್ದೆ, ಅದನ್ನು ಬೆಟೋ ಮಾತ್ರ ನೋಡಿದ.

ಅಲ್ಲಿ ಜೆಟ್ಟಿಯಿಲ್ಲ. ಬೆಟೋ ಎಂಜಿನ್ ಪೂರ್ತಿ ಏರಿಸಿ ದೋಣಿಯನ್ನು ಮರಳಿನ ಮೇಲಕ್ಕೇ ನುಗ್ಗಿಸಿದ. ಪಿಕಪ್ ಟ್ರಕ್ಕು, ಆಮೇಲೆ ಆಂಬುಲೆನ್ಸು, ಆಮೇಲೆ ಆಸ್ಪತ್ರೆ. ಟೂರ್ನಿಕೆಟ್ಟಿಗೆ ಎರಡು ಗಂಟೆಯ ಲೆಕ್ಕವಿದೆ. ಅದು ದಾಟಿದರೆ ಕೆಳಗಿನ ಸ್ನಾಯು ಸಾಯಲು ಶುರುವಾಗುತ್ತದೆ. ನಾವು ದಾಟಿದ್ದೆವು. ಜೀವ ಉಳಿಯುತ್ತದೆ ಎಂದು ಗೊತ್ತಾಗಿತ್ತು, ಕಾಲಿನ ಮಾತು ದೇವರ ಕೈಲಿತ್ತು.

ಅಲ್ಲಿನ ಸರ್ಜನ್ ಒಬ್ಬ ಯುವತಿ. ನನಗೆ ಆ ದೇಶದಲ್ಲಿ ಆಪರೇಷನ್ ಮಾಡಲು ಪರವಾನಗಿಯಿಲ್ಲ, ಪಕ್ಕದಲ್ಲಿ ನಿಲ್ಲಲು ಬಿಟ್ಟಳು. ಎಡಗಾಲಿನಿಂದ ಅಭಿಧಮನಿಯ ತುಂಡೊಂದನ್ನು ತೆಗೆದು ಬಲಗಾಲಿನ ಹರಿದ ಜಾಗಕ್ಕೆ ಹೊಲಿದಳು. ಊದಿಕೊಂಡ ಮೀನಖಂಡದ ಒತ್ತಡ ಇಳಿಯಲೆಂದು ಚರ್ಮ, ಅದರ ಕೆಳಗಿನ ಪೊರೆ ಎರಡನ್ನೂ ಉದ್ದಕ್ಕೆ ಸೀಳಿ ಬಿಟ್ಟಳು. ಪಾದದಲ್ಲಿ ನಾಡಿ ಸಿಕ್ಕಿದಾಗ ನಾನು ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟೆ.

ಮಾರನೆಯ ದಿನ ಮಾಲಿನಿ ಬಂದರು. ಕಾಲು ನೋಡಿ ಅಳಲಿಲ್ಲ. ಮುಖ ನೋಡಿ ನಿಂತರು. ದವಡೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು.

"ಕಾಲು ಮೀನು ಕಚ್ಚಿದ್ದು. ಇದು?"

"ನಾನ ಹೊಡದೆ" ಅಂದೆ.

"ಕೈಯಲ್ಲಾಗದೆ ಬಿದ್ದಿರೋರನ್ನ ಹೀಗೆ ಹೊಡೆಯೋದಾ? ಅವರು ಯಾರ ಮೇಲಾದ್ರೂ ಕೈ ಎತ್ತಿದ್ದಾರಾ?"

ವಿವರಿಸಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಊರಿಗೆ ಮರಳಿದ ಮೇಲೂ ಅಷ್ಟೇ. ಶ್ರೀಕಂಠ ಕೋಲು ಹಿಡಿದು ನಡೆಯಲು ಕಲಿತ, ಮುರಿದ ಹಲ್ಲು ಕಟ್ಟಿಸಿಕೊಂಡ, ಫೋನಿನಲ್ಲಿ ನನ್ನೊಂದಿಗೆ ನಗುತ್ತಿದ್ದ. ಮಾಲಿನಿ ಮಾತ್ರ ನನ್ನನ್ನು ಮನೆಗೆ ಕರೆಯಲಿಲ್ಲ. ನನಗೆ ಬೇಸರವಾಗುತ್ತಿತ್ತು, ಆದರೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ನೋಡಿದ್ದು ಮುಖವನ್ನು, ದೋಣಿಯನ್ನಲ್ಲ.

ಮರುವರ್ಷ ಯುಗಾದಿಯ ಊಟದ ದಿನ, ಇಲ್ಲಿನ ಕನ್ನಡಿಗರ ಕೂಟದವರು ರಕ್ತ ನಿಲ್ಲಿಸುವುದು ಹೇಗೆಂದು ಹೇಳಿಕೊಡಿ ಎಂದು ನನ್ನನ್ನು ಕೇಳಿಕೊಂಡರು. ಕಮ್ಯುನಿಟಿ ಹಾಲಿನಲ್ಲಿ ಒಬ್ಬಟ್ಟು ಉಂಡು ತೂಕಡಿಸುತ್ತಿದ್ದ ಜನರ ಮುಂದೆ ಶ್ರೀಕಂಠ ಕುಂಟುತ್ತ ಬಂದು, ತಾನೇ ರೋಗಿಯಾಗುತ್ತೇನೆಂದು ಬೆಂಚಿನ ಮೇಲೆ ಮಲಗಿ ಎಡಗಾಲು ಚಾಚಿದ. ಪಂಚೆಯೂ ಅವನದೇ. ಕೋಲಿಗೆ ಅಡುಗೆಮನೆಯಿಂದ ಲಟ್ಟಣಿಗೆ ಬಂತು, ತಂದವರು ಮಾಲಿನಿ. ಯಾರು ತಿರುಗಿಸುತ್ತೀರಿ ಎಂದೆ. ಬಂದವರೆಲ್ಲ ಒಂದು ಸುತ್ತಿಗೆ, "ಅಯ್ಯೋ, ನೋವಾಗತ್ತೆ ಪಾಪ" ಎಂದು ಕೈಬಿಟ್ಟರು. ಕೊನೆಗೆ ಮಾಲಿನಿಯೇ ಲಟ್ಟಣಿಗೆ ಹಿಡಿದರು. ಒಂದು ಸುತ್ತು. ಶ್ರೀಕಂಠ ಹಲ್ಲು ಕಚ್ಚಿದ. ಅವರ ಕೈ ನಿಂತಿತು.

"ನೋವಾಗ್ತಿದೆಯಾ?"

"ಆಗತ್ತೆ. ನೀನು ನಿಲ್ಲಿಸಬೇಡ. ಅರ್ಧಕ್ಕೆ ಬಿಟ್ರೆ ಸಾಯ್ತೀನಿ ನಾನು. ತಿರುಗಿಸು."

ಮಾಲಿನಿ ತಿರುಗಿಸಿದರು. ಅವನು ಅರಚಿದ, ಹಾಲಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. ಮಾಲಿನಿ ಮತ್ತೆ ತಿರುಗಿಸಿದರು. ನಾನು ಅವನ ಪಾದದ ಮೇಲೆ ಬೆರಳಿಟ್ಟುಕೊಂಡಿದ್ದೆ. ನಾಡಿ ನಿಂತಿತು. "ಸಾಕು" ಎಂದೆ. ಕೂಡಲೇ ಬಿಚ್ಚಿದೆವು.

ರೋಗಿಯ ಮೇಲೆ ಕರುಣೆಯಿರಬೇಕು ಎಂದು ನಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಕರುಣೆಯನ್ನು ಅರ್ಧದಲ್ಲಿ ನಿಲ್ಲಿಸಬಾರದು, ಅದು ಪೂರ್ತಿಯಾಗುವ ತನಕ ಕೈ ನಡುಗಬಾರದು ಎಂಬುದನ್ನು ನನಗೆ ಕಲಿಸಿದ್ದು ಆ ದೋಣಿ. ಈಗ ನನ್ನ ಕೈಕೆಳಗಿನ ಹೊಸ ಡಾಕ್ಟರುಗಳಿಗೂ ಇದನ್ನೇ ಹೇಳುತ್ತೇನೆ.

ಜನ ಕಾಫಿಗೆ ಎದ್ದು ಹೋದ ಮೇಲೂ ಮಾಲಿನಿ ಬೆಂಚಿನ ಹತ್ತಿರವೇ ನಿಂತಿದ್ದರು. ಲಟ್ಟಣಿಗೆ ಒತ್ತಿ ಅಂಗೈ ಕೆಂಪಾಗಿತ್ತು, ಅದನ್ನೇ ನೋಡಿಕೊಳ್ಳುತ್ತಿದ್ದರು.

"ನೀವು ಎಷ್ಟು ಹೊತ್ತು ಹಿಡ್ಕೊಂಡಿದ್ರಿ, ಡಾಕ್ಟ್ರೇ?"

"ದಡ ಬರೂ ತನಕ."

ಅವರು ನನ್ನ ಬಲಗೈಯನ್ನು ಎಳೆದುಕೊಂಡು, ಗೆಣ್ಣಿನ ಮೇಲೆ ಅವನ ಹಲ್ಲು ತಾಗಿ ಉಳಿದ ಕಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಲಟ್ಟಣಿಗೆ ತೊಳೆಯಲು ಒಳಗೆ ಹೋದರು.