ಒಂದು ಗಂಟೆಯ ದಾರಿ

“ಫ್ಲಾವಿಯಾ ಬಂದು ನೋಡುವವರೆಗೆ ನನ್ನ ಶವಪೆಟ್ಟಿಗೆ ಮುಚ್ಚಬೇಡಿ” ಅಂದಳು ಹೆಂಡತಿ. ಅದೇ ಅವಳ ಕೊನೆಯ ಮಾತು.

ಮಗಳು ಫ್ಲಾವಿಯಾ ಕೆನಡಾದ ಉತ್ತರ ತುದಿಯ ಒಂದು ಸಣ್ಣ ಊರಿನಲ್ಲಿ ನರ್ಸ್. ಹೆಂಡತಿಯನ್ನು ಆಸ್ಪತ್ರೆಯ ಶವಾಗಾರದ ಫ್ರೀಜರಿನಲ್ಲಿ ಬಿಟ್ಟು, ಬಿಜೈಯ ವಿಮಾನ ಟಿಕೆಟ್ ಆಫೀಸಿಗೆ ಹೋದೆ. ಅಲ್ಲಿಯ ಹುಡುಗಿ ಮಗಳ ಊರಿನ ಹೆಸರು ಕೇಳಿ ಕಂಪ್ಯೂಟರ್ ನೋಡಿದಳು.

“ಆ ಊರಿಂದ ಹತ್ತಿರದ ದೊಡ್ಡ ಏರ್‌ಪೋರ್ಟಿಗೆ ಮುನ್ನೂರು ಕಿಲೋಮೀಟರ್, ಅಂಕಲ್. ಸಣ್ಣ ವಿಮಾನದಲ್ಲಿ ಒಂದೇ ಗಂಟೆ.”

“ಹಾಗಾದರೆ ನಾಡಿದ್ದು ಇಲ್ಲಿರ್ತಾಳೆ.”

“ಇಲ್ಲ. ಆ ವಿಮಾನ ಇನ್ನು ಐದು ದಿನ ಬಿಟ್ಟೇ. ಹಿಮ ಬಿದ್ದರೆ ಅದೂ ಇಲ್ಲ.”

“ಜೀಪು ಮಾಡಿಕೊಂಡು ಬರಲಿಕ್ಕಾಗುವುದಿಲ್ಲವಾ?”

“ರಸ್ತೆಯೇ ಇಲ್ಲ, ಅಂಕಲ್.”

ನಮ್ಮ ಕೂಳೂರು ಸೇತುವೆಯ ಟ್ರಾಫಿಕ್ ಬ್ಲಾಕಿಗೆ ಇಷ್ಟು ವರ್ಷ ನಾನು ಸುಮ್ಮನೆ ಬೈದೆ.

ಮನೆಯಲ್ಲಿ ಹೆಂಡತಿಯ ಅಣ್ಣ, “ಎಷ್ಟು ದಿನ ಇಡುವುದು ಮಾರಾಯ? ನಾಳೆಯೇ ಮುಗಿಸುವ” ಅಂದ.

ಮರುದಿನ ಬೆಳಿಗ್ಗೆ ಇಗರ್ಜಿಯ ಸ್ಮಶಾನಕ್ಕೆ ಹೋಗಿ, ಗುಂಡಿ ತೋಡುವವನಿಗೆ ಈ ವಾರ ಬೇಡ ಅಂದೆ.